ನೀಲವ್ವತ್ತಿಯ ಕಾಮೆಂಟರಿ

ಕಂಪ್ಲಿಯ ಟಾಕೀಸಿನಲ್ಲಿ ಪರದೆಯ ಮೇಲೆ ದೇವರು ಪ್ರತ್ಯಕ್ಷನಾದನೆಂದರೆ ಹೆಂಗಸರ ಬೆಂಚುಗಳ ಕಡೆ ಗಪ್‌ಚಿಪ್. ಚಪ್ಪಲಿ ಬಿಟ್ಟು ಕೈಮುಗಿಯುವವರು ಕೆಲವರಾದರೆ, ಮನೆಯಿಂದ ತಂದ ಊದಿನಕಡ್ಡಿ ಹಚ್ಚುವವರು ಕೆಲವರು. ಪರದೆಯ ಬುಡಕ್ಕೇ ಹೋಗಿ ಕಾಯಿ ಒಡೆದು ಬರುವ ಗಟ್ಟಿಗಿತ್ತಿಯರೂ ಇದ್ದರು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ನೀಲವ್ವತ್ತಿಯ ದನಿ ಏಳಬೇಕು: “ಯವ್ವಾ, ಹೋದ ವಾರ ಇದೇ ಮನಷ್ಯಾ ಬ್ಯಾಂಕಿಗೆ ಕನ್ನಾ ಹಾಕಿದ್ದನಲ್ಲಬೇ! ಪೊಲೀಸ್ರು ಹಿಡಕೊಂಡು ಒದ್ದದ್ದು ನಾವ ಕಣ್ಣಾರೆ ನೋಡೇವಿ. ಈಗ ನೋಡಿದ್ರ ವರಾ ಕೊಡಾಕ ನಿಂತಾನ!”

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕವರೆಷ್ಟೋ. ಕೈಮುಗಿದವರಿಗೆ ಮಾತ್ರ ಪೇಚಾಟ. ಮುಗಿದ ಕೈ ಹಂಗೇ ಇಟ್ಟರೆ ಕಳ್ಳನಿಗೆ ಮುಗಿದಂತೆ, ಬಿಟ್ಟರೆ ದೇವರಿಗೆ ಅಪಚಾರ.

ನೀಲವ್ವತ್ತಿ ನಮ್ಮಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಲ್ಲೇ ಉಳಿದರು. ಹಾಗಂತ ಮೂಲೆಯಲ್ಲಿ ಕೂತು ಕಣ್ಣೀರು ಒರೆಸಿಕೊಳ್ಳುವ ಹೆಂಗಸು ಅಂತ ಯಾರಾದರೂ ತಿಳಿದೀರಿ ಮತ್ತೆ! ಬೆಳಿಗ್ಗೆ ಎದ್ದು ಮಿಂದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅಷ್ಟು ಹೊತ್ತು ಮಾತ್ರ ಅವರ ಬಾಯಿ ಬಂದ್. ಪೂಜೆ ಮುಗಿಯದೆ ಒಂದು ಗುಟುಕು ನೀರು ಸಹ ಕುಡಿಯುತ್ತಿರಲಿಲ್ಲ. ಮುಗಿಯಿತೋ, ಮುಂದೆ ದಿನವಿಡೀ ಕಂಡದ್ದಕ್ಕೆಲ್ಲ ಕಾಮೆಂಟರಿ.

ಹಂಪಿಯಲ್ಲಿ ಹಾಡು ತೆಗೆದ ಯಾವುದೋ ಸಿನಿಮಾ ಬಂದಾಗ ಊರಿಗೆ ಊರೇ ಮುಗಿಬಿದ್ದಿತ್ತು. ಅತ್ತಿ ನೋಡಿ ಬಂದು ನಮ್ಮ ಕಟ್ಟೆಯ ಮೇಲೆ ತೀರ್ಪು ಕೊಟ್ಟರು: “ಆ ಹುಡುಗಿ ಹಂಪ್ಯಾಗ ಓಡಾಕ ಸುರು ಮಾಡಿ, ಹೊಳ್ಳಿ ನೋಡೋದ್ರಾಗ ಹಿಮದ ಗುಡ್ಡದಾಗ ಇರ್ತಾಳ. ನಮ್ಮ ಕಂಪ್ಲಿ ಬಸ್ಸು ಇಷ್ಟು ಜಲ್ದಿ ಇದ್ದಿದ್ರ ನಾ ದಿನಾ ಕಾಶಿಗೆ ಹೋಗಿ ಬರ್ತಿದ್ದೆ.” ಶ್ರಾವಣದ ಪ್ರವಚನಕ್ಕೂ ತಪ್ಪದೆ ಹೋಗುತ್ತಿದ್ದರು. ಸ್ವಾಮಿಗಳು ವೈರಾಗ್ಯದ ಮೇಲೆ ಎರಡು ತಾಸು ಹಿಡಿದುಬಿಟ್ಟರೆ ಪಕ್ಕದವರ ಕಿವಿಯಲ್ಲಿ, “ಇದಕ್ಕ ಇಂಟರ್‌ವೆಲ್ ಇಲ್ಲೇನು?” ಅನ್ನುವರು. ಅವರ ಪಿಸುಮಾತು ಗಂಡಸರ ಸಾಲಿನ ಕೊನೆಯವರೆಗೂ ಕೇಳುತ್ತಿತ್ತು.

ಕಾಲುವೆ ನೀರು ಬಂದು, ಗದ್ದೆ ಎರಡು ಬೆಳೆ ಕೊಡಲು ಹತ್ತಿದ ಮೇಲೆ ಅಪ್ಪ ಅಕ್ಕಿ ಗಿರಣಿ ಹಾಕಿದ್ದರು. ಕಾಲೇಜು ಮೈದಾನದ ಮಗ್ಗುಲಿಗೇ ಮಾಳಿಗೆಯ ಮನೆ ಕಟ್ಟಿಸಿದರು. ನೀಲವ್ವತ್ತಿಗೆ ಬೇಕಾದದ್ದೂ ಅದೇ. ಮಾಳಿಗೆಯ ಮೇಲೆ ಸಂಡಿಗೆ ಇಡುವ ನೆಪ, ಮೆಣಸಿನಕಾಯಿ ಕಾಯುವ ನೆಪ. ಕೆಳಗೆ ಹುಡುಗರ ವಾಲಿಬಾಲೋ ನಮ್ಮ ಖೋ-ಖೋನೋ ನಡೆದಿರುತ್ತಿತ್ತು. “ಲೇ ಉದ್ದನ್ನ ಹುಡುಗಿ, ನಿನ್ನ ಕಾಲೇನು ಮದುವಿಗೆ ಎತ್ತಿಟ್ಟೀಯೇನು? ಓಡಬೇ!” ಆ ಉದ್ದನ್ನ ಹುಡುಗಿ ನಾನೇ. ಮೊದಮೊದಲು ಪಿ.ಟಿ. ಮಾಸ್ತರರು ಮೇಲೆ ನೋಡಿ ಮುಖ ಸಿಂಡರಿಸುತ್ತಿದ್ದರು. ಆಮೇಲಾಮೇಲೆ ಅತ್ತಿ ಕಾಣದ ದಿನ, “ಯಾಕ, ನಿಮ್ಮ ಅತ್ತಿಯವರಿಗೆ ಆರಾಮಿಲ್ಲೇನು?” ಅಂತ ವಿಚಾರಿಸುವಂತಾದರು.

ನಾನು ಎರಡನೇ ವರ್ಷದ ಪದವಿಯಲ್ಲಿದ್ದಾಗ ನಮ್ಮ ತಂಡಕ್ಕೆ ಹೊಸಪೇಟೆಯಲ್ಲಿ ಪಂದ್ಯ ಬಂತು. ನನಗೆ ಆಗ ಊಟ ಬೇಡ, ನಿದ್ದೆ ಬೇಡ, ಹೊಸಪೇಟೆಯ ಆ ಮೈದಾನ ಒಂದು ಬೇಕು. ಆದರೆ ಹೆಣ್ಣುಮಗಳು ಪರವೂರಿಗೆ ಹೋಗಿ ಪ್ಯಾಂಟು ಹಾಕಿಕೊಂಡು ನಾಲ್ಕು ಮಂದಿಯೆದುರು ಓಡುವುದೆಂದರೆ ಮನೆಯಲ್ಲಿ ಹುಡುಗಾಟವೇ? ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಈರಭದ್ರ ದೇವರಿಗೆ ಹೂ ಕೇಳೋಣ,” ಅಂದರು.

ಅಪ್ಪ ಹೂ ಕೇಳದೆ ಒಂದು ಹಲ್ಲುಕಡ್ಡಿಯನ್ನೂ ಮುರಿದವರಲ್ಲ. ದೇವರ ಕಿರೀಟಕ್ಕೆ ಪೂಜಾರಿ ಒದ್ದೆ ಹೂವು ಅಂಟಿಸಬೇಕು. ಅದು ದೇವರ ಬಲಕ್ಕೆ ಬಿದ್ದರೆ ಅಪ್ಪಣೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಭತ್ತ ಮಾರುವುದು, ಟ್ರ್ಯಾಕ್ಟರ್ ಕೊಳ್ಳುವುದು, ಅಕ್ಕನ ಗಂಡು ಒಪ್ಪುವುದು, ಎಲ್ಲಕ್ಕೂ ಹೂವೇ ಆಗಬೇಕು. ಗಿರಣಿ ಕೈ ಹಿಡಿದ ಸಂತೋಷಕ್ಕೆ ಅಪ್ಪ ಆ ಗುಡಿಗೆ ಒಂದು ಗೋಡೆ ಫ್ಯಾನು ಕೊಟ್ಟಿದ್ದರು. ಮೂರೂ ರೆಕ್ಕೆಗಳ ಮೇಲೆ ತಮ್ಮ ಹೆಸರು ಬರೆಸಿ, ಓದಲಿಕ್ಕೆ ಬರಲೆಂದು ನಿಧಾನ ತಿರುಗಿಸಿರೆಂದು ಪೂಜಾರಿ ಅಯ್ಯನವರಿಗೆ ತಾಕೀತು ಬೇರೆ.

ಅವತ್ತು ಸೋಮವಾರ. ಅಪ್ಪ, ನಾನು, ಅತ್ತಿ ಹೋಗಿ ದೇವರೆದುರು ನಿಂತೆವು. ಅಯ್ಯನವರು ಹೂ ಏರಿಸಿದರು. “ಹುಡುಗಿನ್ನ ಆಟಕ್ಕ ಕಳಿಸ್ಲೋ ಬ್ಯಾಡೋ, ನೀನ ಹೇಳಪ್ಪಾ,” ಎಂದು ಅಪ್ಪ ಕಣ್ಣು ಮುಚ್ಚಿದರು. ನಾನು ಕಣ್ಣು ಮುಚ್ಚಲಿಲ್ಲ. ಬಿಳಿ ಹೂವು ಅಲುಗಾಡಿತು, ಜಾರಿತು, ಎಡಕ್ಕೆ ಬಿತ್ತು.

“ಫೌಲ್!” ಅಂದರು ಅತ್ತಿ.

ಗಂಟೆ ಬಾರಿಸುತ್ತಿದ್ದವರ ಕೈ ಅಲ್ಲೇ ನಿಂತಿತು. “ಗುಡಿಯಾಗ ಇದೇನವ್ವಾ ನೀಲವ್ವಾ?” ಎಂದು ಅಯ್ಯನವರು ತಿರುಗಿದರು.

“ಏನಿಲ್ರೀ ಅಯ್ಯನವ್ರ, ದೇವರ ಬಲಗಡಿ ಗ್ವಾಡಿ ಮ್ಯಾಲ ಏನು ತಿರುಗಾಕ ಹತ್ತೈತಿ ನೋಡ್ರಿ. ಬಲಕ್ಕಿಂದ ಹಿಂಗ ಒಂದೇ ಸವನ ಗಾಳಿ ಹೊಡದ್ರ ಹೂವು ಎಡಕ್ಕ ಬೀಳದ ಸಂಡೂರಿಗೆ ಹೋಕ್ಕೈತೇನು? ಇದು ದೇವರ ಅಪ್ಪಣಿ ಅಲ್ಲ, ನಮ್ಮಣ್ಣನ ಫ್ಯಾನಿನ ಅಪ್ಪಣಿ. ಈ ಫ್ಯಾನ್ ಬಂದ ಮ್ಯಾಲ ಯಾರಿಗರ ಬಲಕ್ಕ ಬಿದ್ದೈತೇನು, ಹೇಳ್ರಿ?”

ಅಯ್ಯನವರು ಗಡ್ಡ ಕೆರೆದುಕೊಂಡರು. ಪಾಪ, ಸುಳ್ಳು ಹೇಳುವವರಲ್ಲ. “ಖರೇ ಐತ್ರಿ ಸಾವುಕಾರ್ರ. ಇತ್ತಿತ್ಲಾಗ ಎಲ್ಲಾರಿಗೂ ಎಡಕ್ಕ ಬೀಳಾಕ ಹತ್ತೈತಿ.”

“ಅದಕ್ಕ ಮತ್ತ, ನಮ್ಮ ಓಣ್ಯಾಗ ಈ ವರ್ಷ ಒಂದು ಮದುವಿ ಊಟ ಇಲ್ಲ!” ಎಂದರು ಅತ್ತಿ.

ಅಪ್ಪನ ಮುಖ ನೋಡಬೇಕಿತ್ತು. ಬಿಟ್ಟ ಟ್ರ್ಯಾಕ್ಟರು, ವಾಪಸು ಕಳಿಸಿದ ಅಕ್ಕನ ಗಂಡು, ಎಲ್ಲ ಒಟ್ಟಿಗೆ ಕಣ್ಣೆದುರು ಬಂದಿರಬೇಕು. ತಾವೇ ಹೋಗಿ ಫ್ಯಾನು ಆರಿಸಿದರು. ಹೂ ಮತ್ತೆ ಏರಿತು. ಈಗ ಅದು ಬೀಳಲೇ ಒಲ್ಲದು. ಸೆಕೆಗೆ ಅಯ್ಯನವರ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ದೇವರಿಗೆ ಬಂದವರು ಸುತ್ತ ನೆರೆದರು. ಅತ್ತಿಯ ಕಾಮೆಂಟರಿ ಸಣ್ಣ ದನಿಯಲ್ಲಿ ನಡೆದೇ ಇತ್ತು: “ಹಾಂ, ಅಲುಗಿತು ಅಲುಗಿತು... ಇಲ್ಲ, ಹುಳಾ ಕುಂತಿತ್ತು... ಆತನೂ ವಿಚಾರ ಮಾಡಾಕ ಹತ್ಯಾನ...” ನಗಬಾರದೆಂದು ನಾನು ತುಟಿ ಕಚ್ಚಿ ಹಿಡಿದಿದ್ದೆ, ಅಳುವೂ ಅಲ್ಲೇ ಇತ್ತು.

ಕೊನೆಗೆ ಅತ್ತಿ ದೇವರಿಗೆ ಕೈಮುಗಿದು ಅಪ್ಪನ ಕಡೆ ತಿರುಗಿದರು. “ಟೈಮ್ ಆತಣ್ಣಾ. ಡ್ರಾ.”

“ಡ್ರಾ ಅಂದ್ರ?”

“ಅಂದ್ರ ದೇವರು ಹೋಗು ಅಂದಿಲ್ಲ, ಹೋಗಬ್ಯಾಡ ಅಂತೂ ಅಂದಿಲ್ಲ. ಹೆತ್ತಾಂವ ನೀನು. ಈಗ ನೀನ ಹೇಳು.”

ಅಪ್ಪ ಹೂ ನೋಡಿದರು, ನನ್ನ ನೋಡಿದರು, ಮತ್ತೆ ಹೂ ನೋಡಿದರು. ಅವರನ್ನು ಹಾಗೆ ನೇರ ಕೇಳಿದವರೇ ಇರಲಿಲ್ಲ. ಬೆವರು ಒರೆಸಿಕೊಂಡು, “ನೀನೂ ಜೊತಿಗೆ ಹೋಗಂಗಿದ್ರ... ಹೋಗ್ಲಿ,” ಅಂದರು. ಅತ್ತಿಗೆ ಬೇಕಾದದ್ದೂ ಅದೇ ಇರಬೇಕು, ಹೊಸಪೇಟೆಗೆ ಹೊಸ ಸಿನಿಮಾ ಬಂದಿತ್ತು.

ಹೊಸಪೇಟೆಯಲ್ಲಿ ಅತ್ತಿ ಮೈದಾನದ ಸುಣ್ಣದ ಗೆರೆಗೇ ಚಾಪೆ ಹಾಸಿಕೊಂಡು ಕೂತರು. ನಾನು ಕಂಬ ಹಿಡಿದು ತಿರುಗುವುದೇ ತಡ, “ನಮ್ಮ ಹುಡುಗಿ, ನಮ್ಮ ಹುಡುಗಿ!” ಎದುರಾಳಿ ಹುಡುಗಿ ಚಂದ ತಪ್ಪಿಸಿಕೊಂಡರೆ ಆಕೆಗೂ ಶಾಬ್ಬಾಸ್ ಸಿಗುತ್ತಿತ್ತು. ರೆಫರಿ ಬಂದು, “ಅಮ್ಮಾರ, ಮಾತಾಡಬ್ಯಾಡ್ರಿ,” ಅಂದ. “ನೀ ಸೀಟಿ ಊದು, ನಾ ಬ್ಯಾಡ ಅಂದೀನೇನು?” ಅಂದರು ಅತ್ತಿ. ನಾವು ಸೋತೆವು. ನಾನು ಅಳುತ್ತ ಬಂದೆ. ಅತ್ತಿ ನನ್ನ ಮೊಣಕಾಲಿನ ಮಣ್ಣು ಸೆರಗಿನಿಂದ ಒರೆಸಿ, “ಫಸ್ಟ್ ಹಾಫ್ ಮಸ್ತ್ ಇತ್ತು. ಕ್ಲೈಮ್ಯಾಕ್ಸ್ ಸಪ್ಪಗಾತು. ಏಳು, ಮ್ಯಾಟ್ನಿಗೆ ಟೈಮಾತು,” ಅಂದು ಇಡೀ ತಂಡವನ್ನು ಟಾಕೀಸಿಗೆ ಹೊಡೆದುಕೊಂಡು ಹೋದರು.

ಸಂಜೆಯ ಬಸ್ಸಿನಲ್ಲಿ ಕೇಳಿದೆ: “ಅತ್ತೀ, ಆ ಫ್ಯಾನಿನ ವಿಷಯ ನಿಮಗ ಹೆಂಗ ಹೊಳೀತು?”

ಅವರು ಶೇಂಗಾ ಬಿಡಿಸುತ್ತ ಕಿಟಕಿಯ ಆಚೆ ನೋಡಿದರು. “ನನಗೂ ಒಮ್ಮಿ ಹೂ ಕೇಳಿದ್ರಬೇ. ನಿಮ್ಮಪ್ಪನ ಕೇಳಿದ್ದ. ಸಂಡೂರಿನ ಒಬ್ಬ ಸಾಲಿ ಮಾಸ್ತರು ನನ್ನ ಉಡಿಕಿ ಮದುವಿ ಮಾಡಿಕೊಳ್ಳಾಕ ಮುಂದ ಬಂದಿದ್ದ. ಗಂಡ ಸತ್ತಾಕಿ ಅಂತ ಗೊತ್ತಿದ್ದೂ ಬಂದಿದ್ದ. ಹೂ ಎಡಕ್ಕ ಬಿತ್ತು. ಆಗ ಫ್ಯಾನಿಲ್ಲ, ಕಿಟಕಿ ತೆರದಿತ್ತು. ಗಾಳಿ ದಿನ. ನಾ ನೋಡಿದೆ.”

“ಮತ್ತ ಹೇಳಲಿಲ್ಲೇನು?”

“ಇಲ್ಲ. ಆಗ ನನಗ ಬಾಯಿ ಇರಲಿಲ್ಲ.” ಅಷ್ಟೇ ಅಂದು ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದರು. ನಾನು ಅದನ್ನು ಹಾಗೇ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಅವರು, ಕಂಡಕ್ಟರ್ ಚಿಲ್ಲರೆ ಇಲ್ಲವೆನ್ನುವಾಗ ಥೇಟ್ ಆ ಸಿನಿಮಾದ ಖಳನಾಯಕನ ಹಾಗೆ ಹುಬ್ಬು ಹಾರಿಸುತ್ತಾನೆಂದು ಹಿಂದಿನ ಸೀಟಿನವರಿಗೆ ತೋರಿಸುತ್ತಿದ್ದರು.

ನಾನು ಮುಂದೆ ಸಂಡೂರಿನ ಹುಡುಗಿಯರ ಶಾಲೆಯಲ್ಲಿ ಪಿ.ಟಿ. ಟೀಚರಾದೆ. ಕಂಪ್ಲಿಯ ಮನೆಗೆ ಟಿವಿ ಬಂತು. ಭಾನುವಾರ ಬೆಳಿಗ್ಗೆ ದೇವರ ಧಾರಾವಾಹಿಗೆ ಓಣಿಯ ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು ಬಂದು ಕೂಡುವರು. “ಯವ್ವಾ, ಜಾಹೀರಾತು ಬಂತು, ಆರತಿ ಕೆಳಗಿಡ್ರೇ! ಸೋಪಿಗೆ ಯಾಕ ಬೆಳಗಾಕ ಹತ್ತೀರಿ?” ಎನ್ನುವ ಅತ್ತಿಯ ದನಿ ಬೀದಿಗೂ ಕೇಳುತ್ತಿತ್ತು.

ಅವರು ಹೋದ ಸುದ್ದಿ ಬಂದಾಗ ಮೊದಲ ಬಸ್ಸು ಹಿಡಿದು ಹೋದೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಮ್ಮವರ ಪದ್ಧತಿಯಂತೆ ಬಿದಿರಿನಿಂದ ಕಟ್ಟಿದ ವಿಮಾನವೆಂಬ ಚಟ್ಟದಲ್ಲಿ ಕೂಡಿಸಿದ್ದರು. ಹೂಮಾಲೆ ಹಾಕಿಕೊಂಡು ಸಭೆಯ ಅಧ್ಯಕ್ಷರ ಗತ್ತಿನಲ್ಲಿ ಕೂತಿದ್ದರು. ಮಠದಿಂದ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಸ್ವಾಮಿಗಳು ನಾಲ್ಕು ಮಾತಾಡಿದರು. ಅತ್ತಿಯನ್ನು ಕಂಡವರೇ ಅಲ್ಲ. “ಈ ಶರಣೆ ಮಿತಭಾಷಿ, ಮೌನವೇ ಇವರ ಆಭರಣ,” ಅಂದುಬಿಟ್ಟರು. ಅಳುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಅತ್ತಿಯ ಕಡೆ ತಿರುಗಿದೆ. ಬರಲಿಲ್ಲ. ಆಗ ನನಗೆ ನಿಜವಾಗಿ ಅಳು ಬಂತು.

ವಿಮಾನ ಎತ್ತುವ ಹೊತ್ತಾಯಿತು. ನಾನೂ ಹೋಗಿ ಹೆಗಲು ಕೊಡಲು ನಿಂತೆ. ಗಂಡಸರ ನಡುವೆ ಗುಸುಗುಸು ಎದ್ದಿತು. ಹಿರಿಯರೊಬ್ಬರು, “ಹೆಣ್ಣುಮಕ್ಕಳು ಹೆಗಲು ಕೊಡೂದು ನಮ್ಮಾಗ ಇಲ್ಲ. ಮಠದ ಬುದ್ಧಿಯವರನ್ನ ಒಂದು ಮಾತು ಕೇಳ್ರಿ,” ಎಂದರು.

ಅಪ್ಪ ಕೋಲೂರಿಕೊಂಡು ಬಂದರು. ಮುದುಕರಾಗಿದ್ದರು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ವಿಮಾನದ ಬಿದಿರು ತಡವರಿಸಿ ಹಿಡಿದು ನನ್ನ ಹೆಗಲ ಮೇಲೆ ತಾವೇ ಇಟ್ಟರು.

“ಯಾರನ್ನೂ ಕೇಳೋದು ಬ್ಯಾಡ,” ಅಂದರು. “ಈ ತಂಗಿ ವಿಷಯದಾಗ ಒಮ್ಮಿ ಕೇಳಿದ್ದ ಸಾಕಾಗೈತಿ.”

ನಾನು ಎತ್ತಿದೆ. ಅತ್ತಿ ಭಾಳ ಭಾರ ಇದ್ದರು.