ಅಂಗಿಯ ಪಾಸ್‌ಪೋರ್ಟಿಗೆ ಹಚ್ಚಿದ ಭಂಡಾರ

ನನ್ನ ಸೊಸೆ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾಳೆ. ಯಾರ ಹೊಲದ ಹತ್ತಿ, ಯಾವ ದಿನ ಬಿಡಿಸಿದ್ದು, ಹುಳಕ್ಕೆ ಏನು ಎಣ್ಣೆ ಹೊಡೆದದ್ದು ಎಂದು ಊರೂರು ತಿರುಗಿ ಮೊಬೈಲಿನಲ್ಲಿ ತುಂಬಿಕೊಂಡು ಬರಬೇಕು. ಹೊರದೇಶದಲ್ಲಿ ಅಂಗಿ ಕೊಳ್ಳುವವರಿಗೆ ಅದೆಲ್ಲ ಬೇಕಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ. ನನ್ನನ್ನು ನೋಡಲು ಬಂದಾಗ ಇವರ ಮನೆಯವರು ಕೇಳಿದ್ದು ಒಂದೇ ಮಾತು, ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತದೋ ಇಲ್ಲವೋ ಅಂತ.

ಈ ಸಲ ಮುದನಾಳದ ಹತ್ತಿ ಬೆಳೆಯುವ ಹೆಣ್ಣುಮಕ್ಕಳು ಹೆಸರು ಕೊಡಲು ಒಪ್ಪಲಿಲ್ಲ. ಹೋದ ವರ್ಷ ಬರೆದುಕೊಂಡು ಹೋದದ್ದು ಎಲ್ಲಿಗೆ ಮುಟ್ಟಿತು, ಮೊದಲು ಅದನ್ನು ತೋರಿಸು ಎಂದರು. ನಾನಾದರೂ ಹಾಗೇ ಅನ್ನುತ್ತಿದ್ದೆ. ಆದರೆ ಆ ಊರು ಕೈಬಿಟ್ಟರೆ ಸೊಸೆಯ ಕೆಲಸ ಉಳಿಯುವಂತಿರಲಿಲ್ಲ. ಅವಳು ಮಿಲ್ಲಿನ ಸಾಹೇಬರಿಗೆ ಗಂಟುಬಿದ್ದು, ಮುದನಾಳದ ಹತ್ತಿಯಿಂದಲೇ ಆದ ಒಂದು ಬಿಳಿ ಅಂಗಿ ತರಿಸಿದಳು. ಒಂದೇ ಒಂದು.

ಪಾರ್ಸೆಲ್ ಬಂದ ದಿನ ಅವಳು ಹುಣಸಗಿಯಲ್ಲಿದ್ದಳು. “ಬಿಚ್ಚಿ ನೋಡ್ರಿ ಅತ್ತಿ, ಎಲ್ಲ್ಯರ ಹರದದೇನು” ಎಂದು ಫೋನ್ ಮಾಡಿದಳು. ಹರಿದಿರಲಿಲ್ಲ. ಅಷ್ಟಕ್ಕೆ ಮಡಚಿ ಇಟ್ಟಿದ್ದರೆ ಆಗುತ್ತಿತ್ತು.

ನಮ್ಮ ಮನೆದೇವರು ಮೈಲಾರಲಿಂಗ. ಅವನ ಭಂಡಾರ, ಅಂದರೆ ಅರಿಷಿಣದ ಪುಡಿ, ಮೂಲೆಗೆ ಹಚ್ಚಿ ದೇವರ ಜಗಲಿಯ ಮುಂದೆ ಇಡದೆ ಯಾವ ಹೊಸ ಬಟ್ಟೆಯೂ ನಮ್ಮ ಮನೆಯಲ್ಲಿ ಮೈಗೇರುವುದಿಲ್ಲ. ಬಿಳಿ ಅಂಗಿ, ಕಲೆ ಕಾಣಬಾರದು ಎಂದು ಬುದ್ಧಿ ಓಡಿಸಿದೆ. ಒಳಮಗ್ಗುಲಿಗೆ ಬೆರಳುದ್ದದ ಒಂದು ಪಟ್ಟಿ ಹೊಲಿದಿತ್ತು, ಅದರ ಮೇಲೆ ಕರಿ ಚುಕ್ಕಿಗಳ ಚೌಕ. ಇದನ್ನು ಯಾರು ನೋಡುತ್ತಾರೆ ಎಂದು ಭಂಡಾರ ಕಲಸಿ ಸರಿಯಾಗಿ ಚೌಕದ ನಡುವೆ ಹಚ್ಚಿದೆ. ದಪ್ಪಗೇ ಹಚ್ಚಿದೆ, ಸೊಸೆಯ ಕೆಲಸದ ಮಾತಲ್ಲವೇ.

ಸಂಜೆ ಅವಳು ಬಂದು ನೋಡಿದವಳೇ ಕೆಳಗೆ ಕುಳಿತಳು. “ಅತ್ತಿ, ಇದೇರಿ ಅದರ ಪಾಸ್‌ಪೋರ್ಟು.” ಆ ಚೌಕಕ್ಕೆ ಫೋನ್ ಹಿಡಿದರೆ ಹೊಲ, ಮಿಲ್ಲು, ನೂಲು, ಹೊಲಿಗೆ ಎಲ್ಲದರ ವಿವರ ತೆರೆಯುತ್ತದಂತೆ. ಹಿಡಿದಳು. ಏನೂ ತೆರೆಯಲಿಲ್ಲ.

ನಮ್ಮ ಮನೆಯವರಿಗೆ ಚೇಷ್ಟೆಗೆ ಇಷ್ಟೇ ಸಾಕಾಯಿತು. “ಅರವತ್ತು ದಾಟೇನಿ, ನನಗ ಪಾಸ್‌ಪೋರ್ಟ್ ಇಲ್ಲ. ಅಂಗಿಗಿ ಬಂದಿತ್ತು. ಇಕಿ ಅದಕ್ಕ ಅರಿಷಿಣ ಹಚ್ಚಿ ಮದುವಿಗಿ ಕುಂದರಿಸ್ಯಾಳ.”

“ನೀವು ಚಾ ಕುಡೀರಿ ಸುಮ್ಮ” ಎಂದೆ.

ಸೊಸೆ ನಗಲಿಲ್ಲ. ಅದು ಚುಚ್ಚಿತು. ಎದ್ದು ಹೋಗಿ ಪಟ್ಟಿಗೆ ಸಾಬೂನು ಹಾಕಿ ತಿಕ್ಕಿದೆ. ಹಳದಿ ಇದ್ದದ್ದು ಕಡುಕೆಂಪಾಯಿತು. “ಈಗ ಕುಂಕುಮನೂ ಆತು” ಎಂದರು ಇವರು. ಆಗ ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅರಿಷಿಣದ ಕಲೆ ಬಿಸಿಲಿಗೆ ಹಾರುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಸಾಬೂನು ಹೋಗುವಂತೆ ಚೆನ್ನಾಗಿ ತೊಳೆದು, ಮರುದಿನದಿಂದ ಅಂಗಿಯ ಒಳಮಗ್ಗುಲು ಹೊರಗೆ ಮಾಡಿ ಮಾಳಿಗೆಯ ಮೇಲೆ ಹರವಿ, ಪಕ್ಕದಲ್ಲಿ ಕೊಡೆ ಹಿಡಿದು ಕುಳಿತೆ. ನಮ್ಮ ಕಡೆಯ ಬಿಸಿಲನ್ನು ನನ್ನಷ್ಟು ಬೈದವರಿಲ್ಲ. ಆ ಎರಡು ದಿನ ಅದಕ್ಕೇ ಕೈಮುಗಿದೆ. ಮೂರನೆಯ ದಿನ ಬೆಳಿಗ್ಗೆ ಫೋನು ಎರಡು ಸಲ ಮುಖ ತಿರುಗಿಸಿ, ಮೂರನೆಯ ಸಲಕ್ಕೆ ಓದಿತು. ಮೋಡ ಬರಲಿಲ್ಲ, ಕಾಗೆ ಕೂರಲಿಲ್ಲ, ಫೋನು ಓದಿತು. ದೇವರು ಮೂರು ಉಪಕಾರ ಮಾಡಿದ.

ಬೈಸಿಕೊಳ್ಳಲು ನಾನೂ ಇರಲಿ ಎಂದು ಮುದನಾಳಕ್ಕೆ ಜೊತೆಗೆ ಹೋದೆ. ಬೇವಿನ ಗಿಡದ ಕೆಳಗೆ ಎಲ್ಲರೂ ಕುಳಿತಿದ್ದರು. ಸೊಸೆ ಫೋನ್ ಹಿಡಿದು ಓದಿದಳು: ಊರು ಮುದನಾಳ, ಹತ್ತಿ ಬಿಡಿಸಿದ ದಿನ, ಮಿಲ್ಲು, ನೂಲು ತೆಗೆದ ಊರು, ಹೊಲಿದ ಊರು. ತಮ್ಮೂರ ಹೆಸರು ಬಂದಾಗ ಒಬ್ಬರನ್ನೊಬ್ಬರು ನೋಡಿಕೊಂಡರು, ಆದರೂ ಯಾರೂ ಮುಂದೆ ಬರಲಿಲ್ಲ. ಹಿರಿಯಳೊಬ್ಬಳು ಫೋನು ಬಿಟ್ಟು ಅಂಗಿಯನ್ನೇ ಕೈಗೆ ತೆಗೆದುಕೊಂಡಳು. ಪಟ್ಟಿಯ ಮೇಲೆ ಇನ್ನೂ ತುಸು ಹಳದಿ ಉಳಿದಿತ್ತು.

“ಈ ಭಂಡಾರ ಯಾರು ಹಚ್ಯಾರ? ಅದೂ ಬರದದೇನು ಅದರಾಗ?”

“ನಾ ಹಚ್ಚೀನ್ರಿ. ತಿಳೀಲಾರ್ದ ಹಚ್ಚೀನಿ” ಎಂದೆ.

ಅವಳು ಪಟ್ಟಿಯನ್ನು ಹೆಬ್ಬೆರಳಿಂದ ಸವರಿದಳು. “ನಮ್ಮ ಹತ್ತಿ ಇಷ್ಟು ಊರು ತಿರುಗಿ ಬಂದದ. ಒಂದು ಮನ್ಯಾಗರ ದೇವರ ಮುಂದ ಇಟ್ಟಾರಲ್ಲ.” ಆಮೇಲೆ ಸೊಸೆಯ ಕಡೆ ತಿರುಗಿದಳು. “ಬರ್ಕೋ ನನ್ನ ಹೆಸರು. ಮತ್ತ ನಿಮ್ಮತ್ತಿ ಕಣ್ಣಿಗಿ ಚಾಳೀಸ ಮಾಡ್ಸು. ಅಂಗಿಗಿ ಮೂಲಿ ಎಲ್ಲಿರ್ತದಂತ ಕಾಣವಲ್ದು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುನಗುತ್ತಲೇ ಒಬ್ಬೊಬ್ಬರಾಗಿ ಹೆಸರು ಬರೆಸಿದರು.

ಈಗ ಮನೆಗೆ ಹೊಸ ಬಟ್ಟೆ ಬಂದರೆ ಸೊಸೆ ಮೊದಲು ಆ ಪಟ್ಟಿ ಹುಡುಕಿ, ಒಳಗೆ ಮಡಚಿ ಪಿನ್ನು ಹಾಕಿಯೇ ನನಗೆ ಕೊಡುತ್ತಾಳೆ. “ಮೂಲಿ ಇಲ್ಲಿ ಅದ ನೋಡ್ರಿ ಅತ್ತಿ” ಎಂದು ಬೆರಳು ಮಾಡಿ ತೋರಿಸುತ್ತಾಳೆ.