ಕಾರಿನ ಇಂಜಿನ್ನೂ ನನ್ನ ರುಜುವೂ

ಹೇಳಿ ನೋಡೋಣ, ಇಪ್ಪತ್ತಾರು ವರ್ಷ ನಿಮ್ಮನ್ನು ಹೊತ್ತು ತಿರುಗಿದವರಿಗೆ ನೀವು ವಾರಕ್ಕೊಂದು ದಿನವಾದರೂ ರಜೆ ಕೊಟ್ಟಿದ್ದೀರಾ? ಗಂಡಸರು ಗಾಬರಿಯಾಗಬೇಡಿ, ಹೆಂಡತಿಯ ಮಾತಲ್ಲ. ನಾನು ಕೇಳುತ್ತಿರುವುದು ಕಾರಿನ ಬಗ್ಗೆ.

ನಮ್ಮ ಮನೆಯ ಬಿಳಿ ಕಾರಿಗೆ ಪ್ರತಿ ಸೋಮವಾರ ರಜೆ. ನಮ್ಮೂರು ನವಲಿಯಲ್ಲಿ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. 1997ರಲ್ಲಿ ಕಾರು ಬಂದ ಮೊದಲ ವಾರವೇ ನಮ್ಮ ಯಜಮಾನರು ಅದನ್ನೂ ಎತ್ತುಗಳ ಸಾಲಿಗೆ ಸೇರಿಸಿಬಿಟ್ಟರು. ಒಮ್ಮೆ ಯಲಬುರ್ಗಾದಲ್ಲಿ ನನ್ನ ತಂಗಿಯ ಮಗಳ ಮದುವೆ ಸೋಮವಾರವೇ ಬಿತ್ತು. ಕಾರು ಹೂ ಮುಡಿದುಕೊಂಡು ಅಂಗಳದಲ್ಲಿ ನೆರಳಿಗೆ ನಿಂತಿತು. ಇಲಕಲ್ ಸೀರೆ ಉಟ್ಟ ನಾನು ಟಂಟಂ ಆಟೋದಲ್ಲಿ ಎರಡು ಕುರಿಗಳ ನಡುವೆ ಕೂತು ಹೋದೆ.

ಮೊಮ್ಮಗಳು ಫೋನಿನಲ್ಲಿ ಬರೆಯುವುದನ್ನು ಕಲಿಸಿದ್ದಾಳೆ. ನನ್ನದು ಒಂದೇ ಬೆರಳು ಓಡುತ್ತದೆ, ಆದ್ದರಿಂದ ನೀವೂ ನಿಧಾನವಾಗಿ ಓದಿ.

ಹೋದ ತಿಂಗಳು ಕನಕಗಿರಿ ದಾಟುತ್ತಿದ್ದಂತೆ ಕಾರಿನ ಮೂತಿಯಿಂದ ಹೊಗೆ ಎದ್ದಿತು. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ರೇಡಿಯೇಟರಿಗೆ ನೀರು ಹಾಕುತ್ತಿದ್ದ ಮನುಷ್ಯ ಅಂದು ಮರೆತಿದ್ದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಗಂಗಾವತಿಗೆ ಮುಟ್ಟಿಸಿದೆವು. ನಮ್ಮ ಹಳೆಯ ಮಿಸ್ತ್ರಿ ಖಾಸಿಂಸಾಬ್ ಬಗ್ಗಿ ನೋಡಿ, ಕೈ ಒರೆಸಿಕೊಂಡು ಹೇಳಿದ: "ಕುದ್ದು ಹೋಗೈತ್ರಿ ಕಾಕಾರ. ಬ್ಯಾರೆ ಇಂಜಿನ್ ಕುಂದ್ರಸಬೇಕು, ಇಲ್ಲಾಂದ್ರ ಗುಜರಿಗೆ ಹಾಕಬೇಕು."

"ಸೋಮವಾರ ಸೂಟಿ ಕೊಟ್ಟು ಸಾಕೀನೋ ಇದನ್ನ!" ಎಂದರು ಇವರು.

"ಸೂಟಿ ಕೊಟ್ರ ಸಾಕೇನ್ರಿ? ನೀರ ಕುಡಸಬೇಕಲ್ರಿ."

ನಾನು ನಗಬೇಕಾಗಿತ್ತು. ನಗು ಬರಲಿಲ್ಲ.

ಈಗ ತೀರ್ಮಾನ ನನ್ನ ಪಾಲಿಗೆ ಬಂದಿದೆ. ಇವರು ನೀರಾವರಿ ಇಲಾಖೆಯಲ್ಲಿದ್ದಾಗ ಕಾರು ಕೊಂಡರೆ ಮೇಲಿನವರ ಅನುಮತಿ, ಅರ್ಜಿ, ನೂರೆಂಟು ತಕರಾರು. ಅದಕ್ಕೆ ನನ್ನ ಹೆಸರಿನಲ್ಲಿ ಕೊಂಡರು. ಮಾಲಕಿ ನಾನು, ಸ್ಟೇರಿಂಗು ಅವರದು. ನಮ್ಮ ಸಂಸಾರದ ಉಳಿದ ವ್ಯವಹಾರವೂ ಹೆಚ್ಚು ಕಡಿಮೆ ಹೀಗೇ ನಡೆದಿದೆ. ಬೇರೆ ಇಂಜಿನ್ ಹಾಕಿಸಿದರೆ ಅದರ ನಂಬರು ಸರ್ಕಾರಿ ಕಾಗದದಲ್ಲಿ ಏರಬೇಕು, ಅದಕ್ಕೆ ನನ್ನ ರುಜು ಬೇಕು. ಖಾಸಿಂಸಾಬ್ ಕೊಟ್ಟ ಅರ್ಜಿ ಮೂರು ವಾರದಿಂದ ದೇವರ ಜಗಲಿಯ ಮೇಲೆ ಇತ್ತು.

ಯಾಕೆ ರುಜು ಹಾಕಲಿಲ್ಲ ಎಂದು ಕೇಳಿದವರಿಗೆಲ್ಲ ನಾನು ವೇದಾಂತ ಹೇಳಿದೆ. ಇಂಜಿನ್ನೇ ಬೇರೆಯಾದ ಮೇಲೆ ಅದು ನಮ್ಮ ಕಾರು ಹೇಗಾದೀತು ಎಂದೆ. ಒಳಗೊಳಗೆ ನನಗೇ ನಾಚಿಕೆ. ಇಟಗಿಯ ಮಹಾದೇವನ ಗುಡಿಯಲ್ಲಿ ನುಣುಪಾದ ಹಳೆಯ ಕಂಬಗಳನ್ನು ಸವರಿದ ಕೈಯಿಂದಲೇ ದುರಸ್ತಿಗೆಂದು ಅಲ್ಲಲ್ಲಿ ಹೊಸದಾಗಿ ಕೂಡಿಸಿದ ಬೋಳು ಕಲ್ಲನ್ನೂ ಮುಟ್ಟಿ ನಮಸ್ಕಾರ ಮಾಡಿದ್ದೇನೆ. ಮಹಾದೇವ ಮನೆ ಬದಲಿಸಿಲ್ಲ. ಅಷ್ಟು ದೂರ ಯಾಕೆ, ನನ್ನ ಎರಡೂ ಕಣ್ಣಿಗೆ ಹೊಸ ಲೆನ್ಸು ಹಾಕಿದ್ದಾರೆ, ಮೇಲಿನ ಸಾಲಿನ ಹಲ್ಲೆಲ್ಲ ಕೊಪ್ಪಳದ ಡಾಕ್ಟರು ಕೂಡಿಸಿದ್ದು. ಯಾವ ಕಾಗದದಲ್ಲೂ ನನ್ನ ನಂಬರು ಬದಲಾಗಿಲ್ಲ, ಇವರೂ ಹೊಸ ಹೆಂಡತಿ ಬಂದಳೆಂದು ಸಂಭ್ರಮಪಟ್ಟಿಲ್ಲ.

ನಿಜ ಬೇರೆ ಇತ್ತು. ಅದನ್ನು ನಿಮಗೆ ಹೇಳುತ್ತೇನೆ.

ಕಾರು ಕುದ್ದು ಹೋಗುವ ಸ್ವಲ್ಪ ದಿನ ಮೊದಲು ಹುಲಿಹೈದರದಿಂದ ಇಬ್ಬರೇ ಬರುತ್ತಿದ್ದೆವು. ಸಂಜೆಯ ಬೆಳಕು ಚೆನ್ನಾಗಿತ್ತು. ಕಾಲುವೆಯ ಪಕ್ಕದ ದಾರಿಯಲ್ಲಿ ಕಾರು ಮೆಲ್ಲಗೆ ಎಡಕ್ಕೆ ವಾಲುತ್ತಾ ಹೋಯಿತು. ತಿರುವು ಅಲ್ಲಿತ್ತು, ಇವರು ತಿರುಗಿಸಲಿಲ್ಲ. ಕಿಟಕಿಯ ಕೆಳಗೇ ನೀರು ಕಂಡಿತು. ರಸ್ತೆಯ ಪ್ರತಿ ಗುಂಡಿಗೂ ಕೂಗುವ ನನ್ನ ಗಂಟಲಿನಿಂದ ಒಂದು ಶಬ್ದವೂ ಹೊರಡಲಿಲ್ಲ. ಅಂಚಿನ ಕಲ್ಲು ಬಾಗಿಲಿಗೆ ಉಜ್ಜಿತು, ಆಗ ತಿರುಗಿಸಿದರು. ಮನೆ ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಗೀಚಿದ ಗುರುತು ನೋಡಿ ಕೇಳಿದ ಸೊಸೆಗೆ ಎಮ್ಮೆಯ ಕೊಂಬು ತಾಗಿತೆಂದು ನಾನೇ ಸುಳ್ಳು ಹೇಳಿದೆ.

ಅದಕ್ಕೇ ಖಾಸಿಂಸಾಬ್ ಗುಜರಿ ಎಂದಾಗ ನನಗೆ ಮೊದಲು ಆದದ್ದು ಸಮಾಧಾನ. ಸತ್ತ ಇಂಜಿನ್ನಿಗೆ ಮನಸ್ಸಿನಲ್ಲೇ ಕೈಮುಗಿದೆ. ನಾನು ರುಜು ಹಾಕದಿದ್ದರೆ ಸಾಕು, ಇವರು ಇನ್ನು ಓಡಿಸುವುದಿಲ್ಲ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಆದರೆ ಇವರು ದಿನಾ ಬೆಳಿಗ್ಗೆ ಎದ್ದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಕಾರಿಲ್ಲದೆ ಬರಿದಾದ ಅಂಗಳದಲ್ಲಿ ನಿಲ್ಲತೊಡಗಿದರು. ಊರಿನ ಬಸುರಿಯರನ್ನು ಗಂಗಾವತಿಯ ದವಾಖಾನೆಗೆ ಮುಟ್ಟಿಸಿದವರು, ಈಗ ಕಟ್ಟೆಯ ಮೇಲೆ ಕೂತು, ಹೋಗುವ ಬರುವ ಗಾಡಿಗಳನ್ನು ನೋಡುತ್ತಿದ್ದರು. ಗಡ್ಡ ಬೋಳಿಸುವುದನ್ನೂ ಬಿಟ್ಟರು. ಅರ್ಜಿ ಏನಾಯಿತೆಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ನಮ್ಮ ಸೊಸೆ ಸುಮಾ ಹುಲಿಹೈದರದಲ್ಲಿ ಶಾಲೆಯ ಟೀಚರು. ಅವಳಿಗೆ ಕಾರು ಕಲಿಸಿದವರು ಇವರೇ, ನಮ್ಮ ಹೊಲದ ಕಣದಲ್ಲಿ, ರಾಶಿ ಮುಗಿದ ಮೇಲೆ. ನಿನ್ನೆ ಮಧ್ಯಾಹ್ನ ಇವರ, ಅವಳ ಇಬ್ಬರ ಎದುರಿಗೇ ಅರ್ಜಿ ತೆಗೆದು ರುಜು ಹಾಕಿದೆ. ಹೆಸರು ಗೆರೆ ದಾಟಿ ಹೋಯಿತು.

"ಇಂಜಿನ್ ಹಾಕಸ್ರಿ," ಎಂದೆ. "ಆದ್ರ ಇನ್ನ ಮ್ಯಾಲ ಸುಮಾ ಓಡಸ್ತಾಳ. ನೀವು ಬಾಜೂಕ ಕುಂದರ್ರಿ. ಆವತ್ತ ಕಾಲುವಿ ಕಡೆ ಹೋದದ್ದು ನಾ ನೋಡೀನಿ. ನನಗ ಅಂಜಿಕಿ ಐತಿ."

"ಅತ್ತೀ, ಏನ್ ಮಾತಾಡಾಕತ್ತೀರಿ?" ಎಂದು ಸುಮಾ ನನ್ನ ಮೇಲೇ ರೇಗಿದಳು.

ಇವರು ಅಂಗಿಯ ಕಿಸೆಯಿಂದ ಕಾರಿನ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿದರು. "ಮುಂಜಾನಿ ನೀರ ನೋಡ್ಕೋವಾ, ಮರೀಬ್ಯಾಡ," ಎಂದರು. ಅವಳ ಕಣ್ಣು ತುಂಬಿತು.

ನಂತರ ನನ್ನ ಕಡೆ ತಿರುಗಿದರು.

"ಇಷ್ಟ ದಿನ ಈ ಮಾತು ಸತ್ತ ಇಂಜಿನ್ ಕಡಿಂದ ಹೇಳಸಾಕ ಹತ್ತಿದ್ದಿಯಲ್ಲಾ, ನಿನ್ನ ಬಾಯಿಗೆ ಏನಾಗಿತ್ತು?"