ಗಿರಣಿ ಕಾಕಾನ ಇಂಗ್ಲಿಷ್ ಪಿಚ್ಚರ್

ಅವರ ಕಣ್ರೆಪ್ಪೆಗಳು ಬೆಳ್ಳಗಿದ್ದವು. ವಯಸ್ಸಿನಿಂದಲ್ಲ, ಜೋಳದ ಹಿಟ್ಟಿನಿಂದ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು, ಎಲ್ಲದರ ಮೇಲೂ ಹಿಟ್ಟು ಕೂತಿರುತ್ತಿತ್ತು. ಅದರ ನಡುವೆ ಎರಡು ಕಣ್ಣು ಮಾತ್ರ ಕರ್ರಗೆ ಹೊಳೆಯುತ್ತ ಮೂಲೆಯ ಟಿವಿಯ ಮೇಲೆ ನೆಟ್ಟಿರುತ್ತಿದ್ದವು. ನಮ್ಮೂರು ಇಂಡಿಯಲ್ಲಿ, ನಮ್ಮ ಓಣಿಯ ತಿರುವಿನಲ್ಲಿದ್ದ ಹಿಟ್ಟಿನ ಗಿರಣಿ ಅವರದು. ಓಣಿಗೆಲ್ಲ ಅವರು ಗಿರಣಿ ಕಾಕಾ. ರಾಕೆಟ್ಟು, ಬೇರೆ ಗ್ರಹ, ಆಕಾಶದಿಂದ ಇಳಿದು ಬರುವ ಜೀವಿಗಳು ಇರುವ ಇಂಗ್ಲಿಷ್ ಸಿನಿಮಾ ಎಂದರೆ ಅವರಿಗೆ ಪ್ರಾಣ. ಇಂಗ್ಲಿಷ್ ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

ನಗುವವರು ಈಗಲೇ ನಕ್ಕುಬಿಡಿ. ಇದನ್ನು ನಾನು ಸಮಾಧಾನದಿಂದ ಕೂತು ಬರೆಯುತ್ತಿಲ್ಲ. ಒಬ್ಬನ ಮೇಲೆ ನನಗೆ ಸೇಡಿದೆ. ಅವನ ಹೆಸರು ಬರೆದು ಹಾಳೆ ಹೊಲಸು ಮಾಡಿಕೊಳ್ಳುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಕಾಕಾನ ಹೆಸರನ್ನೂ ಬರೆಯುವುದಿಲ್ಲ. ಆ ಹೆಸರು ಒಮ್ಮೆ ಕಂಡವರ ಬಾಯಿಗೆಲ್ಲ ಬಿದ್ದಿದೆ, ಸಾಕು.

ಮನೆಯಿಂದ ಜೋಳದ ಡಬ್ಬಿ ಹೊತ್ತುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಗಿರಣಿಯಲ್ಲಿ ಯಾವಾಗಲೂ ಹತ್ತು ಹದಿನೈದು ಡಬ್ಬಿಗಳ ಸಾಲು. ಹೆಂಗಸರು ಚೀಲಗಳ ಮೇಲೆ ಕೂತು ಪಾಳಿ ಕಾಯುತ್ತಿದ್ದರು. ಗೋಡೆಯ ಮೇಲೆ ಕಾಕಾ ಒಂದು ಕಟ್ಟಿಗೆಯ ಪೆಟ್ಟಿಗೆ ಹೊಡೆಸಿ, ಅದಕ್ಕೆ ಗಾಜು ಕೂರಿಸಿ, ಒಳಗೆ ಟಿವಿ ಇಟ್ಟಿದ್ದರು. ಹಿಟ್ಟು ಹೊಕ್ಕು ಹಾಳಾಗಬಾರದಲ್ಲ! ಹೆಗಲ ಮೇಲಿನ ವಸ್ತ್ರದಿಂದ ಆ ಗಾಜನ್ನು ತಾಸಿಗೊಮ್ಮೆ ಒರೆಸುವರು. ಗಿರಣಿ ಸುರುವಾಯಿತೆಂದರೆ ಪಕ್ಕದವರು ಕೂಗಿದ್ದೂ ಕೇಳುತ್ತಿರಲಿಲ್ಲ, ಇನ್ನು ಟಿವಿಯ ದನಿ ಎಲ್ಲಿಂದ ಕೇಳಬೇಕು? ಹೀಗಾಗಿ ಕಾಕಾ ಅದರ ಸೌಂಡನ್ನು ಪೂರ್ತಿ ತೆಗೆದುಬಿಟ್ಟಿದ್ದರು. ಪಾತ್ರಗಳ ಮಾತನ್ನು ತಾವೇ ಆಡುತ್ತಿದ್ದರು, ಗಿರಣಿಯ ಸಪ್ಪಳಕ್ಕೂ ಮೇಲೆ ದನಿ ಎತ್ತಿ.

ಬೆರಳೆತ್ತಿ ಮೊದಲು ಎಲ್ಲರನ್ನೂ ನಿಲ್ಲಿಸುವರು. "ನಿಂದರ್ರಿ, ಈಗ ನೋಡ್ರಿ! ಕ್ಯಾಪ್ಟನ್ ಮಾರಿ ಸಣ್ಣದಾತು. ನೀರಿನ ಟಾಕಿ ಸೋರಾಕತ್ತೈತಿ. ಈಗ ಅವ ಎಲ್ಲಾರಿಗೂ ಅಂತಾನ, ನಾಳಿಂದ ಒಂದೊಂದ ಗುಟುಕು ಕಮ್ಮಿ ಕುಡೀರಿ, ಯಾರಿಗೂ ಹೆಚ್ಚಿಲ್ಲ, ನನಗೂ ಇಲ್ಲ."

"ಅಂವಾ ಛಲೋ ಮನಷ್ಯಾ ಅದಾನ ಬಿಡ್ರಿ," ಎಂದು ಯಾರೋ ಒಬ್ಬಾಕೆ ಚೀಲದ ಮೇಲಿಂದ ಕೂಗುವಳು. ಹಿಟ್ಟು ಬೀಸಿ ಆರಿದ್ದರೂ ಡಬ್ಬಿ ಎತ್ತಿಕೊಂಡು ಮನೆಗೆ ಹೋಗಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ತಡವಾಗಿ ಹೋಗಿ ಅವ್ವನಿಂದ ನಾನು ತಿಂದ ಬೈಗುಳ ಎಷ್ಟೋ.

ಕರೆಂಟು ಹೋದರೆ ಗಿರಣಿಯೂ ಟಿವಿಯೂ ಒಟ್ಟಿಗೇ ನಿಲ್ಲುತ್ತಿದ್ದವು. ಆಗ ಅರ್ಧಕ್ಕೆ ನಿಂತ ಕತೆಯನ್ನು ಕಾಕಾ ತಾವೇ ಮುಗಿಸುತ್ತಿದ್ದರು. ಆಕಾಶದಿಂದ ಊರೂರು ಸುಡುತ್ತ ಬರುತ್ತಿದ್ದ ಹಸಿರು ಜೀವಿಗಳು, ಅವರು ಹೇಳಿದ ಪ್ರಕಾರ, ಕಳೆದುಹೋದ ಒಂದು ಮಗುವನ್ನು ಹುಡುಕುತ್ತ ಬಂದಿದ್ದವು. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಅದೇ ಸಿನಿಮಾ ಸಿಕ್ಕಿತು. ಕೆಳಗೆ ಬರುವ ಅಕ್ಷರ ಓದುತ್ತ ನೋಡಿದೆ. ಮಗುವೂ ಇಲ್ಲ, ಮಣ್ಣೂ ಇಲ್ಲ! ಆ ಜೀವಿಗಳು ಭೂಮಿಯ ಕಬ್ಬಿಣ ಕದಿಯಲು ಬಂದಿದ್ದವಂತೆ. ಎಂಥ ಸಪ್ಪೆ ಕತೆ. ಕೋಟಿಗಟ್ಟಲೆ ಸುರಿದು ತೆಗೆದವರಿಗೆ ಹೊಳೆಯದ್ದು ನಮ್ಮ ಕಾಕಾನಿಗೆ ಹೊಳೆದಿತ್ತು ಎಂದು ನನಗೆ ಹೆಮ್ಮೆಯಾಯಿತು.

ಯಾವ ಪಿಚ್ಚರ್ ಛಲೋ, ಯಾವುದು ಖೊಟ್ಟಿ ಎಂದು ತೂಗಲು ಅವರ ಬಳಿ ಅವರದೇ ತಕ್ಕಡಿ ಇತ್ತು. ಬೇರೆ ಗ್ರಹದವ ಯಾಕೆ ಬಂದ ಎಂಬುದು ಗೊತ್ತಾಗಬೇಕು. "ಸುಮ್ನ ಬಂದ, ಸುಟ್ಟ, ಸತ್ತ ಅಂದ್ರ ಅದ ಕತಿ ಅಲ್ಲ, ಹುಚ್ಚನಾಯಿ ಹಾವಳಿ." ಯಂತ್ರ ಕೆಡುವ ಮೊದಲು ಯಾರಾದರೊಬ್ಬರಿಗೆ ಅದರ ಸುಳಿವು ಸಿಗಬೇಕು. ಈ ಮಾತಿನಲ್ಲಿ ಅವರಿಗೆ ಅಧಿಕಾರವಿತ್ತು. ಕತೆಯ ನಟ್ಟನಡುವೆ ತಟ್ಟನೆ ಎದ್ದುಹೋಗಿ ಗಿರಣಿ ಬಂದ್ ಮಾಡುವರು. ನೋಡಿದರೆ ಯಂತ್ರ ತಿರುಗಿಸುವ ಪಟ್ಟಾ ಇನ್ನೇನು ಹರಿಯುವಂತಾಗಿರುತ್ತಿತ್ತು. ನಮಗೆ ಯಾರಿಗೂ ಏನೂ ಕೇಳಿಸಿರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಒಂದಿತ್ತು. "ಸೌಂಡ್ ತಗದ ನೋಡಬೇಕ್ ಯವ್ವಾ. ತಿಳೀತಂದ್ರ ಅದು ಪಿಚ್ಚರ್. ತಿಳೀಲಿಲ್ಲಂದ್ರ ಅವರಿಗೆ ಮಾತ ಬರ್ತಾವ, ಪಿಚ್ಚರ್ ಬರಂಗಿಲ್ಲ."

ಎಂಟನೆಯ ಇಯತ್ತೆಯಲ್ಲಿ ಸರ್ ಪಾಠ ಮಾಡಿದರು, ಸಪ್ಪಳ ಹರಿಯಲು ಗಾಳಿ ಬೇಕು, ಗಾಳಿಯಿಲ್ಲದ ಆಕಾಶದಲ್ಲಿ ಏನೂ ಕೇಳುವುದಿಲ್ಲ ಎಂದು. ಅಂದು ಸಂಜೆ ಡಬ್ಬಿ ಇಲ್ಲದೆಯೇ ಗಿರಣಿಗೆ ಓಡಿದೆ. ಕಾಕಾ ಗಿರಣಿ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿಕೊಂಡರು.

"ರಾಕೆಟ್ ಒಡದ್ರೂ ಕೇಳಂಗಿಲ್ಲ?"

"ಇಲ್ರಿ ಕಾಕಾ. ಏನೂ ಕೇಳಂಗಿಲ್ಲ."

ತೊಡೆ ತಟ್ಟಿದ ಹೊಡೆತಕ್ಕೆ ಅವರ ಧೋತರದಿಂದ ಹಿಟ್ಟಿನ ಮೋಡವೇ ಎದ್ದಿತು. "ಹಂಗಾರ ನಾವ್ ನೋಡೂದ ಖರೇ! ಆ ಥೇಟರಿನವ್ರು ಢಂ ಢಮಾರ್ ಅನಸ್ತಾರಲ್ಲ, ಅದು ಸುಳ್ಳ! ಕಲಿಯವ್ವಾ, ಇಂಥಾವ ಇನ್ನೂ ಕಲತ ಬಂದ ಹೇಳು."

ನಾನು ಕಲಿತೆ. ಇವತ್ತು ಮುದ್ದೇಬಿಹಾಳದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ಅದಕ್ಕೆ ಮೂಲ ಆ ತೊಡೆ ತಟ್ಟಿದ ಸಪ್ಪಳ. ಇದರಲ್ಲಿ ಸುಳ್ಳಿಲ್ಲ.

ಇನ್ನು ಆ ಪುಣ್ಯಾತ್ಮನ ವಿಷಯ. ಅವನೂ ನಮ್ಮ ಓಣಿಯವನೇ. ನನ್ನ ಪಕ್ಕದ ಚೀಲದ ಮೇಲೆ ಕೂತು, ಬಾಯಿ ತೆರೆದುಕೊಂಡು ಅವೇ ಕತೆಗಳನ್ನು ಕೇಳಿ ಬೆಳೆದವನು. ದೊಡ್ಡವನಾಗಿ ಮೊಬೈಲಿನಲ್ಲಿ ಚಾನೆಲ್ ತೆಗೆದ. ವಿಜ್ಞಾನದ ಇಂಗ್ಲಿಷ್ ಸಿನಿಮಾಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಅವನ ಕಸುಬು. ಬೆರಳೆತ್ತುವುದು, "ನಿಂದರ್ರಿ, ಈಗ ನೋಡ್ರಿ" ಎನ್ನುವುದು, "ಯಾಕ ಬಂದ?" ಎಂದು ಕೇಳಿ ಒಂದು ಗಳಿಗೆ ಸುಮ್ಮನಾಗುವುದು, ಎಲ್ಲ ಕಾಕಾನದೇ. ಲಕ್ಷಗಟ್ಟಲೆ ಜನ ನೋಡುತ್ತಾರೆ. ನೋಡಲಿ, ನನ್ನ ತಕರಾರು ಅದಲ್ಲ.

ಮೂರು ವರ್ಷದ ಹಿಂದೆ ಅವನು ಗಿರಣಿಗೆ ಹೋಗಿ, "ಕಾಕಾ, ಒಂದ ಪಿಚ್ಚರ್ ಹೇಳ್ರಲಾ, ಮಂದಿಗೆ ತೋರಸೂಣು," ಎಂದ. ಕಾಕಾ ಮುಖ ತೊಳೆದು, ಬಿಳಿ ಅಂಗಿ ಹಾಕಿಕೊಂಡು, ಪಾಳಿಯಲ್ಲಿದ್ದವರಿಗೆ ಕೈ ಮುಗಿದು ಗಿರಣಿ ನಿಲ್ಲಿಸಿ, ಅರ್ಧ ತಾಸು ಹೇಳಿದರು. ಅವನು ಮಾಡಿದ್ದೇನು? ಕಾಕಾ ಒಂದೊಂದು ಮಾತು ಆಡಿದಾಗಲೂ ಪಾತ್ರಗಳ ನಿಜವಾದ ಮಾತನ್ನು ಕೆಳಗೆ ಅಕ್ಷರದಲ್ಲಿ ಹಾಕಿ, ಮಧ್ಯೆ ಮಧ್ಯೆ ಕತ್ತೆ ಅರಚುವ ದನಿ ಸೇರಿಸಿದ. ಮೇಲೆ ತಲೆಬರಹ ಬೇರೆ: "ಇಂಗ್ಲಿಷ್ ಬಾರದ ಇಂಗ್ಲಿಷ್ ಪಂಡಿತ". ಎರಡೇ ದಿನಕ್ಕೆ ಸಿಂದಗಿಯ ಬಸ್‌ಸ್ಟ್ಯಾಂಡಿನಿಂದ ಲಚ್ಯಾಣದವರೆಗೆ ಎಲ್ಲರ ಮೊಬೈಲಿನಲ್ಲೂ ಅದೇ. ನಮ್ಮ ಸ್ಟಾಫ್‌ರೂಮಿನಲ್ಲೂ ಒಬ್ಬರು ಹೊಟ್ಟೆ ಹಿಡಿದು ನಗುತ್ತ ನನಗೆ ತೋರಿಸಿದರು. ಅವರ ಜೊತೆ ನಾನು ಇವತ್ತಿಗೂ ಚಹಾ ಕುಡಿಯುವುದಿಲ್ಲ.

ಗಿರಣಿಗೆ ಬಂದವರು ಕತ್ತೆಯಂತೆ ಅರಚಿ ತೋರಿಸತೊಡಗಿದರು. "ಕಾಕಾ, ಅಮೇರಿಕಾದವ್ರು ಫೋನ್ ಹಚ್ಚಿದ್ರೇನ್ರಿ?" ಎಂದು ಚೇಷ್ಟೆ ಮಾಡಿದರು. ಒಂದು ದಿನ ಕಾಕಾ ಟಿವಿ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಆಮೇಲೆ ಆ ಗಿರಣಿಯಲ್ಲಿ ಹಿಟ್ಟು ಬಿಟ್ಟರೆ ಬೇರೇನೂ ಹುಟ್ಟಲಿಲ್ಲ.

ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಹೋದ ವರ್ಷ ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ಅವನು ಮುಖ್ಯ ಅತಿಥಿ, ನಾನು ತೀರ್ಪುಗಾರ್ತಿ. ದೇವರು ದೊಡ್ಡವನು ಎಂದುಕೊಂಡೆ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ನೀವು ಹೀಗ ಹೇಳೂದು ಯಾರ ಕಡೆ ಕಲತ್ರಿ?" ಎಂದು ಕೇಳಿದಳು.

"ಯಾರೂ ಕಲಿಸಿಲ್ಲಮ್ಮಾ. ಎಲ್ಲ ಸ್ವಂತ," ಎಂದ ಅವನು, ಕೂದಲು ಸರಿಮಾಡಿಕೊಳ್ಳುತ್ತ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಪೆನ್‌ಡ್ರೈವಿನಲ್ಲಿದ್ದ ಸಿನಿಮಾ ಒಂದರ ನಾಲ್ಕು ನಿಮಿಷವನ್ನು ದನಿ ತೆಗೆದು ಪರದೆಗೆ ಹಾಕಿಸಿ, ಮೈಕು ಅವನ ಕೈಗಿತ್ತೆ. "ಸರ್, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ." ಅವನು ತಡವರಿಸಿದ. ಬೆರಳೆತ್ತಿದ, ಇಳಿಸಿದ. "ಏನೋ ಮಾತಾಡ್ತಿದ್ದಾರೆ" ಎಂದ. ಮಕ್ಕಳು ಕಿಸಕ್ಕೆಂದರು, ಆಮೇಲೆ ಸೀಟಿ ಹೊಡೆದರು, ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ನಾಲ್ಕು ತಾಲೂಕು ಸುತ್ತಿತು. ಮಾಡಿದ್ದುಣ್ಣೋ ಮಹಾರಾಯ! ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನವೇ ಇಂಡಿಯ ಬಸ್ ಹತ್ತಿದೆ. ಕಾಕಾ ಹಾಸಿಗೆ ಹಿಡಿದಿದ್ದರು. ಹಿಟ್ಟು ಕುಡಿದ ಎದೆಗೆ ದಮ್ಮು ಹತ್ತಿತ್ತು. ಅವರ ಹೆಂಡತಿ, ನಮ್ಮ ಕಾಕು, ದಿಂಬು ಆನಿಸಿ ಅವರನ್ನು ಕೂರಿಸಿದರು. ನಾನು ಹಿಗ್ಗಿನಿಂದ ಆ ವಿಡಿಯೋ ತೋರಿಸಿದೆ. ಅವರು ನಗಲಿಲ್ಲ.

"ನೀ ತೋರಸಿದ್ದ ಪಿಚ್ಚರ್ ಐತೇನು? ಹಚ್ಚು."

ದನಿ ತೆಗೆದು ಹಚ್ಚಿದೆ. ನಾಲ್ಕೂ ನಿಮಿಷ ನೋಡಿದರು. ಇನ್ನೊಮ್ಮೆ ಹಚ್ಚು ಎಂದರು. ಮತ್ತೆ ನೋಡಿದರು.

"ಇದು ನನಗೂ ಬರಂಗಿಲ್ಲ."

ನಾನು ಮೊಬೈಲು ಕೆಳಗಿಟ್ಟೆ.

"ಇಬ್ರು ಕುಂತಾರ, ಬಾಯಿ ಬಡೀತಾರ. ಇದ್ರಾಗ ನೋಡೂದೇನೈತಿ? ಅಂವಗ ಸೋಲಸಬೇಕಂತ ಖೊಟ್ಟಿ ಪಿಚ್ಚರ್ ಹುಡುಕ್ಯಾಡಿ ಒಯ್ದಿದ್ದಿ. ಹೌದಿಲ್ಲೊ?"

ಹೌದು. ಎಂಟು ದಿನ ಹುಡುಕಿ, ಯಾರಿಗೂ ಹೇಳಲಾಗದಂಥದ್ದನ್ನೇ ಆರಿಸಿದ್ದೆ. ನನ್ನ ಮುಖಕ್ಕೆ ಹೊಡೆದಂತಾಯಿತು. "ಅಂವಾ ನಿಮಗ ಮಾಡಿದ್ದು ಸರಿ ಏನ್ರಿ ಕಾಕಾ?" ಎಂದು ಜಗಳಕ್ಕೇ ನಿಂತೆ.

"ತಪ್ಪ. ನನ್ನ ಹೊಟ್ಟೀನೂ ಉರದೈತಿ, ಇನ್ನೂ ಉರೀತೈತಿ." ದಮ್ಮು ಹತ್ತಿ ನಿಲ್ಲಿಸಿ, ಮತ್ತೆ ಹೇಳಿದರು: "ಆದ್ರ ಹುಡುಗಗ ಹೇಳಾಕ ಬರ್ತೈತಿ. ಬರಂಗಿಲ್ಲ ಅಂದ್ರ ಸುಳ್ಳಾಕ್ಕೈತಿ. ನನ್ನ ಮಾತಿಗೆ ಕತ್ತಿ ಒದರಿಸಿದಾ, ಒದರಿಸ್ಲಿ. ಗಿರಣ್ಯಾಗ ಕಲತೇನಿ ಅಂತ ಒಂದ ಮಾತ ಅಂದಿದ್ರ ಸಾಕಾಗಿತ್ತು ನನಗ."

ಎರಡು ತಿಂಗಳಿಗೆ ಕಾಕಾ ಹೋದರು. ಇಡೀ ಓಣಿ ಗಿರಣಿಯ ಮುಂದೆ ಸೇರಿತ್ತು. ಕತ್ತೆಯಂತೆ ಅರಚಿದವರೂ ಬಂದು ಕಣ್ಣು ಒರೆಸಿಕೊಂಡರು. ಅವನು ಬರಲಿಲ್ಲ. ಆ ವಾರವೂ ಅವನ ಚಾನೆಲ್ಲಿನಲ್ಲಿ ಹೊಸ ಸಿನಿಮಾ ಬಂತು, ಬೆರಳೆತ್ತಿಕೊಂಡೇ.

ಸತ್ತವರ ಮುಖ ನೋಡಿ ಸಿಟ್ಟು ಬಿಡಬೇಕು ಎನ್ನುತ್ತಾರೆ. ನಾನು ಬಿಟ್ಟಿಲ್ಲ. ಪ್ರತಿ ರವಿವಾರ ಬಾಗಿಲು ಹಾಕಿಕೊಂಡು ಸೌಂಡ್ ತೆಗೆದು ಸಿನಿಮಾ ನೋಡುತ್ತೇನೆ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಒಂದು ದೃಶ್ಯ ಸಿಕ್ಕಿದೆ. ಆಕಾಶದ ಹಡಗಿನಲ್ಲಿ ಒಬ್ಬಳೇ ಮುದುಕಿ ಕಿಟಕಿಯ ಗಾಜು ಒರೆಸುತ್ತಿದ್ದಾಳೆ. ಒಂದು ಕಲೆ ಹೋಗುವುದೇ ಇಲ್ಲ. ಒರೆಸುತ್ತಾಳೆ, ಉಗುರಿನಿಂದ ಕೆರೆಯುತ್ತಾಳೆ. ಆಗ ಹೊರಗಿನಿಂದ ಯಾರೋ ಅದನ್ನು ಒರೆಸುತ್ತಾರೆ. ಕಾಕಾ ಇದ್ದಿದ್ದರೆ ತೊಡೆ ತಟ್ಟುತ್ತಿದ್ದರು.

ನಮ್ಮ ಕಾಲೇಜಿನ ಸಮಾರಂಭಕ್ಕೆ ಅವನನ್ನು ಕರೆಯಿರಿ ಎಂದು ಪ್ರಿನ್ಸಿಪಾಲರಿಗೆ ನಾನೇ ದುಂಬಾಲು ಬಿದ್ದಿದ್ದೇನೆ. ಅವನು ಬರಲು ಒಪ್ಪಿದ್ದಾನೆ. ಇದನ್ನು ಓದಿ ಹೆದರಿ ಬರದಿದ್ದರೆ, ಅದೂ ಒಂದು ಉತ್ತರವೇ. ಬಂದರೆ ಈ ದೃಶ್ಯ ತೋರಿಸುತ್ತೇನೆ. ಇದನ್ನು ಅವನು ಹೇಳಬಲ್ಲ; ಚೆನ್ನಾಗಿಯೇ ಹೇಳುತ್ತಾನೆ, ಹೇಳಲಿ. ಮಕ್ಕಳು ಚಪ್ಪಾಳೆ ಹೊಡೆಯಲಿ, ನಾನೂ ಹೊಡೆಯುತ್ತೇನೆ. ಆಮೇಲೆ ಮೈಕು ತೆಗೆದುಕೊಂಡು ಎಲ್ಲರೆದುರು ಒಂದೇ ಮಾತು ಕೇಳುತ್ತೇನೆ.

"ಇಷ್ಟ ಛಲೋ ಹೇಳೂದು ನಿನಗ ಯಾರ ಕಲಿಸಿದ್ರಪಾ?"

ಅವನು ಬಾಯಿ ಬಿಡುವ ತನಕ ನಾನು ಕೂರುವುದಿಲ್ಲ.